ಹಳೇ ಕಂಪ್ಯೂಟರಿನಲ್ಲಿ ಮೂಡಿದ ಹಸಿರು ದಡಿ

ರಬಕವಿಯ ಓಣಿಯಲ್ಲಿ ಮಗ್ಗಗಳು ಇನ್ನೂ ಸದ್ದು ಹಿಡಿದಿಲ್ಲ. ರಾತ್ರಿ ಪಾಳಿಯವರು ನಿಲ್ಲಿಸಿ ಹೋಗಿದ್ದಾರೆ, ಹಗಲು ಪಾಳಿಯವರು ಮುಖ ತೊಳೆಯುತ್ತಿದ್ದಾರೆ. ಎರಡು ಪಾಳಿಗಳ ನಡುವೆ ಬೀಳುವ ಈ ಸಣ್ಣ ಮೌನಕ್ಕಾಗಿ ಉಜ್ವಲಾ ದಿನವೂ ಕಾಯುತ್ತಾರೆ. ಹೊಳೆಯ ಕಡೆಯಿಂದ ಬಂದ ಮಂಜು ಓಣಿಯ ದೀಪದ ಸುತ್ತ ನಿಂತಿದೆ. ಒಂದು ಕಾಲಕ್ಕೆ ನೂಲಿನ ಉಂಡೆಗಳನ್ನು ಒಟ್ಟುತ್ತಿದ್ದ ಕೋಣೆಯ ಬಾಗಿಲು ತೆರೆದು, ಮೂಲೆಯಲ್ಲಿ ಒರಗಿಸಿಟ್ಟ ಸೈಕಲ್ ಪಂಪು ತೆಗೆದುಕೊಂಡು, ಅವರು ಮೊದಲು ಕಂಪ್ಯೂಟರಿನ ಹೊಟ್ಟೆಗೆ ಗಾಳಿ ಹೊಡೆಯುತ್ತಾರೆ. ಒಳಗಿಂದ ಹತ್ತಿಯ ಎಳೆಗಳು ಹಾರಿ ಬೆಳಕಿನಲ್ಲಿ ತೇಲುತ್ತವೆ. ನೇಕಾರರ ಊರಿನ ಧೂಳೂ ಬಿಳಿಯದೇ.

ಮೇಜಿನ ಮೇಲೆ ಮೂರು ಕಂಪ್ಯೂಟರುಗಳಿವೆ. ಮೂರೂ ಹಳೆಯವು. ಬೆಳ್ಳಗಿದ್ದ ಡಬ್ಬಿಗಳು ಕಾಯಿಸಿದ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿವೆ. ಪರದೆಯ ಹಿಂಬದಿ ಕುಂಬಳಕಾಯಿಯ ಹಾಗೆ ಉಬ್ಬಿದೆ. ಗುಂಡಿ ಒತ್ತಿದರೆ ಒಳಗೆ ಏನೋ ಎದ್ದು ಗಂಟಲು ಸರಿಮಾಡಿಕೊಂಡಂತೆ ಸದ್ದು ಬರುತ್ತದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

“ಏಳ್ತೈತ್ರಿ” ಎನ್ನುತ್ತಾರೆ ಉಜ್ವಲಾ. “ಅವಸರ ಮಾಡಬಾರ್ದು. ವಯಸ್ಸಾದವ್ರನ್ನ ದಬ್ಬಿ ಎಬ್ಬಸ್ತಾರೇನು?”

ಎದ್ದ ಮೇಲೆ ಒಂದು ಫೈಲು ತೆರೆಯುತ್ತಾರೆ. ಮುಧೋಳದ ಒಂದು ಮುದ್ರಣಾಲಯದಿಂದ ಬಂದ ಹಳೆಯ ಲಗ್ನಪತ್ರಿಕೆ. ಕಪ್ಪು ಪರದೆ ಬೆಳ್ಳಗಾಗುತ್ತದೆ. ಮೊದಲು ಒಂದು ಬಾಗಿದ ಗೆರೆ, ಅದರ ಪಕ್ಕಕ್ಕೆ ಇನ್ನೊಂದು. ಎರಡೂ ಸೇರಿ ಸೊಂಡಿಲಾಗುತ್ತವೆ. ಕಿವಿ ಮೂಡುತ್ತದೆ, ಮೋದಕ ಮೂಡುತ್ತದೆ, ತಡವಾಗಿ ಬಣ್ಣ ಬರುತ್ತದೆ, ಎಲ್ಲಕ್ಕೂ ಕೊನೆಗೆ ಅಕ್ಷರ. ಹೊಸ ಕಂಪ್ಯೂಟರಿನಲ್ಲಿ ಇದೇ ಪುಟ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದು ಕೂರುತ್ತದೆ. ಇಲ್ಲಿ ಮಾತ್ರ ಅದು ನಸುಕಿನಲ್ಲಿ ಊರು ಕಾಣಿಸಿಕೊಳ್ಳುವಂತೆ ಒಂದೊಂದೇ ಮನೆಯಾಗಿ ಹೊರಬರುತ್ತದೆ. ಯಾವತ್ತೋ ಯಾರೋ ಬರೆದಿಟ್ಟ ಚಿತ್ರವನ್ನು ಅದೇ ಕೈ ನಮ್ಮೆದುರು ಮತ್ತೊಮ್ಮೆ ಬರೆಯುತ್ತಿದೆಯೇನೋ ಅನ್ನಿಸುತ್ತದೆ.

ಉಜ್ವಲಾ ಅವರ ಕೆಲಸಕ್ಕೆ ಊರಲ್ಲಿ ಸರಿಯಾದ ಹೆಸರಿಲ್ಲ. ‘ಹಳೇ ಫೈಲಿನ ಅಕ್ಕಾರು’ ಎಂದು ಜಮಖಂಡಿಯಿಂದ ಬೀಳಗಿಯ ತನಕ ಮುದ್ರಣದವರಿಗೆ ಗೊತ್ತು. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಪತ್ರಿಕೆ, ಪುಸ್ತಕ, ಸೀರೆಯ ಲೇಬಲ್ಲು ಇವನ್ನೆಲ್ಲ ಕಂಪ್ಯೂಟರಿನಲ್ಲಿ ಸಿದ್ಧಮಾಡಿ, ಅಚ್ಚಿಗೆ ಬೇಕಾದ ಫಿಲ್ಮ್ ತೆಗೆಸಲು ದೊಡ್ಡ ಊರಿಗೆ ಕಳಿಸುವಾಗ ಒಂದು ಬಗೆಯ ಫೈಲು ಮಾಡುತ್ತಿದ್ದರು. ಪೋಸ್ಟ್‌ಸ್ಕ್ರಿಪ್ಟ್ ಎಂದು ಅದರ ಹೆಸರು, ಬಾಯಲ್ಲಿ ಪಿಎಸ್ ಫೈಲು. ಅದರೊಳಗೆ ಚಿತ್ರ ಇರುವುದಿಲ್ಲ, ಚಿತ್ರ ಬರೆಯುವ ಬಗೆ ಇರುತ್ತದೆ. ಇಲ್ಲಿ ನಿಲ್ಲು, ಅಲ್ಲಿಗೆ ಗೆರೆ ಎಳೆ, ಇಷ್ಟು ಬಾಗು, ಒಳಗೆ ಹಸಿರು ತುಂಬು ಎಂದು ಸಾಲುಸಾಲು ಮಾತು ಮತ್ತು ಅಂಕಿ. ಕೊನೆಯಲ್ಲಿ ‘ಶೋ ಪೇಜ್’, ಅಂದರೆ ಪುಟ ತೋರಿಸು ಎಂಬ ಒಂದು ಅಪ್ಪಣೆ. ಈಗಿನ ಯಂತ್ರಗಳು ಇಂಥ ಎಷ್ಟೋ ಫೈಲುಗಳನ್ನು ತೆರೆಯಲಾರದೆ ಕೈಚೆಲ್ಲುತ್ತವೆ. ಆಗಿನ ಕನ್ನಡ ಅಕ್ಷರಗಳು ಈಗಿನವಕ್ಕೆ ತಿಳಿಯುವುದಿಲ್ಲ. ಆಗಿನ ತಂತ್ರಾಂಶಕ್ಕೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಒಂದು ಕೀಲಿ ಬೇಕು, ಈಗಿನ ಕಂಪ್ಯೂಟರಿಗೆ ಅದನ್ನು ಸಿಕ್ಕಿಸುವ ಜಾಗವೇ ಇಲ್ಲ. ಉಜ್ವಲಾ ಹಳೆಯದರಲ್ಲಿ ತೆರೆಯುತ್ತಾರೆ, ಕೆಟ್ಟ ಸಾಲು ತಿದ್ದುತ್ತಾರೆ, ಕಳೆದ ಅಕ್ಷರ ಕೂಡಿಸುತ್ತಾರೆ, ಇವತ್ತಿನವರು ಓದಬಲ್ಲ ರೂಪಕ್ಕೆ ತಂದು ಕಳಿಸುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಫೈಲು. ಕೆಲವೊಮ್ಮೆ ಒಂದೇ ಫೈಲು ವಾರ ತಿನ್ನುತ್ತದೆ.

ಮುದ್ರಣವಾದ ಮೇಲೆ ಆ ಪುಟದ ಯಾವ ಮೂಲೆಯಲ್ಲೂ ಅವರ ಹೆಸರಿರುವುದಿಲ್ಲ.

ಅವರ ತವರು ಬನಹಟ್ಟಿ. ತಂದೆ ಕೈಮಗ್ಗದ ಮೇಲೆ ಚೌಕಳಿ ಸೀರೆ ನೇಯುತ್ತಿದ್ದರು. ದಿನಾ ಶಾಲೆ ಬಿಟ್ಟು ಬಂದ ಮೇಲೆ ಉಜ್ವಲಾಗೆ ಕಂಡಿಕೆಗೆ ನೂಲು ಸುತ್ತುವ ಕೆಲಸ. ಪಿಯುಸಿ ಮುಗಿಸಿ ಟೈಪಿಂಗ್ ಕಲಿಯಲು ಹೋದವರು, ಅದೇ ಮಹಡಿಯ ಮೇಲೆ ಹೊಸದಾಗಿ ತೆರೆದ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಎಲ್ಲರಿಗೂ ಕಷ್ಟವಾದ ಪಿಎಸ್ ಫೈಲು ಅವರಿಗೆ ಮಾತ್ರ ಹೇಗೋ ಒಲಿಯಿತು.

“ಅದಕ್ಕೊಂದು ಕಾರಣ ಐತ್ರಿ” ಎಂದು ಅವರು ಬೆರಳಿನಿಂದ ಗಾಳಿಯಲ್ಲಿ ಒಂದು ಪುಟ ಬರೆಯುತ್ತಾರೆ. “ನಾವು ಬರಿಯೂ ಮುಂದ ಮ್ಯಾಲಿಂದ ಶುರು ಮಾಡ್ತೀವಿ ಹೌದಲ್ರಿ? ಈ ಫೈಲಿನ ಲೆಕ್ಕ ಹಾಂಗಲ್ಲ. ಎಡಕ್ಕ ಕೆಳಗಿನ ಮೂಲಿಯಿಂದ ಶುರು, ಮ್ಯಾಲ ಮ್ಯಾಲ ಏರ್ತೈತಿ. ಎಲ್ಲಾರೂ ಇದೇನು ತೆಲಿ ಕೆಳಗಾಗೇತಲ್ಲ ಅಂತಿದ್ರು. ನನಗ ಏನೂ ಅನಸಲಿಲ್ಲ. ಮಗ್ಗದಾಗ ಬಟ್ಟಿನೂ ಕೆಳಗಿಂದನ ಬೆಳೀತೈತಿ. ನಮ್ಮಪ್ಪನ ಗ್ರಾಫ್ ಹಾಳಿನೂ ಕೆಳಗಿಂದ ಮ್ಯಾಲಕ್ಕ ಓದೂದು.”

ಲಗ್ನವಾಗಿ ರಬಕವಿಗೆ ಬಂದರು. ಪತಿ ವೀರೇಶ ಅವರದು ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ. ಡಿಟಿಪಿ ಅಂಗಡಿ ಮುಚ್ಚಿದಾಗ ಮಾಲೀಕರು ಕಂಪ್ಯೂಟರುಗಳನ್ನು ಗುಜರಿಗೆ ಹಾಕಲು ಹೊರಟಿದ್ದರು. ಉಜ್ವಲಾ ಒಂದು ಟಂಟಂ ಗಾಡಿ ಮಾಡಿಕೊಂಡು ಹೋಗಿ ಹೇರಿಕೊಂಡು ಬಂದರು. ಆವತ್ತಿನಿಂದ ವೀರೇಶರ ಬಾಯಿ ಸುಮ್ಮನಿಲ್ಲ.

“ನಮ್ಮ ಮನ್ಯಾಗ ಮುದುಕರು ಮೂರು ಮಂದಿ ಅದಾರ್ರಿ” ಎಂದು ಅವರು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಲೇ ಹೇಳುತ್ತಾರೆ. “ಬ್ಯಾಸಗ್ಯಾಗ ಅವಕ್ಕ ಫ್ಯಾನು, ಮಳಿಗಾಲದಾಗ ಅವಕ್ಕ ಕಂಬಳಿ. ನನಗ ನೆಗಡಿ ಆದ್ರ ಕೇಳಾವ್ರಿಲ್ಲ. ಅವು ಒಂದ್ಸಲ ಕೆಮ್ಮಿದ್ರ ಈಕಿ ಓಡಿ ಬರ್ತಾಳ.”

“ನೀವು ಕೆಮ್ಮಿದ್ರ ಬೀಡಿ ಬಿಡ್ರಿ ಅಂತೀನಲ್ರಿ. ಅವೇನು ಬೀಡಿ ಸೇದ್ತಾವೇನು?” ಎಂದು ಒಳಗಿಂದ ಉತ್ತರ ಬರುತ್ತದೆ.

ತಮಾಷೆಯ ಹಿಂದೆ ಕಷ್ಟವೂ ಇದೆ. ಮಗ್ಗ ಶುರುವಾದರೆ ನೆಲ ನಡುಗುತ್ತದೆ. ನೆಲ ನಡುಗಿದರೆ ಹಳೆಯ ಫ್ಲಾಪಿ ಓದುವ ಪೆಟ್ಟಿಗೆ ತಡವರಿಸುತ್ತದೆ. ಆದ್ದರಿಂದ ಸೂಕ್ಷ್ಮದ ಕೆಲಸವೆಲ್ಲ ನಸುಕಿನಲ್ಲೇ ಆಗಬೇಕು. ಒಂದು ಭಾಗ ಕೆಟ್ಟರೆ ಹೊಸದು ಸಿಗುವುದಿಲ್ಲ. ಒಂದರ ಅಂಗ ತೆಗೆದು ಇನ್ನೊಂದಕ್ಕೆ ಹಾಕಿ ಹಾಕಿ, ಈಗ ಮೂರರಲ್ಲಿ ಪೂರ್ತಿ ನೆಟ್ಟಗಿರುವುದು ಒಂದೇ. ದಿನವೆಲ್ಲ ಉಬ್ಬಿದ ಗಾಜು ನೋಡಿ ಉಜ್ವಲಾ ಅವರ ಕಣ್ಣು ಸಂಜೆಗೆ ಕೆಂಪಾಗುತ್ತದೆ. ತಣ್ಣೀರಿನ ಬಟ್ಟೆ ಕಣ್ಣ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ಮಲಗುತ್ತಾರೆ. “ಕಣ್ಣು ಮುಚ್ಚಿದ್ರೂ ಗೆರಿ ಓಡಾಡ್ತಾವ್ರಿ. ನಿದ್ದ್ಯಾಗ ನಾ ಎಷ್ಟು ಪುಟ ತಿದ್ದೇನೋ ಏನೋ.”

ಬೆಳಗು ಬಲಿತಿದೆ. ಬೀಳಗಿ ತಾಲೂಕಿನ ಅನಗವಾಡಿಯಿಂದ ಜಕ್ಕಪ್ಪ ಎಂಬ ಹಿರಿಯರು ಬಂದು ಕೂತಿದ್ದಾರೆ. ಭಜನಾ ಮೇಳದವರು. ತಮ್ಮ ಹಳೆಯ ಭಜನೆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಬೇಕಾಗಿದೆ. ಸಿಡಿಯಲ್ಲಿದ್ದ ಫೈಲನ್ನು ಬೇರೆಲ್ಲೋ ತೆರೆಸಿದರೆ ಅಕ್ಷರದ ಜಾಗದಲ್ಲೆಲ್ಲ ಖಾಲಿ ಚೌಕಗಳು ಬಂದಿವೆ.

“ಶಿವನ ಹೆಸರಿನ ಜಾಗಾದಾಗ ಬರೇ ಡಬ್ಬಿ ಬಂದಾವು ನೋಡವ್ವಾ ತಾಯಿ” ಎಂದು ಅವರು ಹಾಳೆ ಬಿಡಿಸಿ ತೋರಿಸುತ್ತಾರೆ. “ನಮ್ಮ ಮೇಳದವ್ರು ತಾಳ ಹಿಡ್ಕೊಂಡು ಡಬ್ಬಿ ಡಬ್ಬಿ ಅಂತ ಹಾಡ್ಬೇಕೇನು?”

“ಡಬ್ಬಿ ಒಳಗ ಶಿವ ಅದಾನ್ರಿ ಅಜ್ಜಾರ. ಮುಚ್ಚಳ ತೆಗಿಯೂದಷ್ಟ ಬಾಕಿ. ಚಾ ಕುಡೀರಿ, ಅಷ್ಟರಾಗ ಬರ್ತಾನ.”

ಆಗಿನ ಅಕ್ಷರಗಳನ್ನು ಫೈಲಿನೊಳಕ್ಕೆ ಕೂಡಿಸಿ ಮತ್ತೆ ತೆರೆದಾಗ ಪರದೆಯ ಮೇಲೆ ಪದಗಳು ಒಂದೊಂದಾಗಿ ಬರುತ್ತವೆ. ಜಕ್ಕಪ್ಪ ಬಟ್ಟಲು ಕೆಳಗಿಟ್ಟು, ಬಂದ ಬಂದ ಪದವನ್ನು ಮೆಲ್ಲಗೆ ರಾಗ ಎಳೆದು ಹಾಡತೊಡಗುತ್ತಾರೆ. ಕಂಪ್ಯೂಟರು ನಿಧಾನ, ಅಜ್ಜನ ರಾಗವೂ ನಿಧಾನ. ಇಬ್ಬರೂ ಜೊತೆಗೇ ಪುಟದ ಕೆಳಗೆ ಬಂದು ನಿಲ್ಲುತ್ತಾರೆ.

ಇಂಥ ನೂರಾರು ಪುಟ ಉಜ್ವಲಾ ಅವರ ಕೈದಾಟಿ ಹೋಗಿವೆ. ಅವುಗಳಲ್ಲಿ ಒಂದರ ಬಗ್ಗೆ ಕೇಳಿದರೆ ಮಾತ್ರ ಅವರು ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದು ಕೂರುತ್ತಾರೆ. ಅದು ಶಂಕ್ರೆವ್ವನ ದಡಿಯ ಕತೆ.

ಶಂಕ್ರೆವ್ವ ಬನಹಟ್ಟಿಯವರು. ಅವರ ಪತಿ ಚನಮಲ್ಲಪ್ಪ ಸೀರೆಯ ದಡಿ, ಅಂದರೆ ಅಂಚು, ಮತ್ತು ಸೆರಗಿನ ಚಿತ್ರ ಬರೆಯುತ್ತಿದ್ದರು. ಮೊದಲೆಲ್ಲ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ. ಆಮೇಲೆ ಉಜ್ವಲಾ ಕೆಲಸಕ್ಕಿದ್ದ ಡಿಟಿಪಿ ಅಂಗಡಿಗೇ ಬಂದು ಕಂಪ್ಯೂಟರಿನ ಮೇಲೆ ಬರೆಯುವುದನ್ನು ಕಲಿತರು. ಆಗಲೂ ಪೆನ್ಸಿಲ್ಲು ಕಿವಿಯ ಮೇಲೆಯೇ ಇರುತ್ತಿತ್ತು. ಬರೆದದ್ದನ್ನು ಪಿಎಸ್ ಫೈಲು ಮಾಡಿ ಇಚಲಕರಂಜಿಗೆ ಕಳಿಸಿದರೆ ಅಲ್ಲಿ ದೊಡ್ಡ ಹಾಳೆಯ ಮೇಲೆ ಚಿತ್ರ ಬರುತ್ತಿತ್ತು. ಅದನ್ನು ನೋಡಿ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ರಟ್ಟಿಗೆ ತೂತು ಹೊಡೆಯುತ್ತಿದ್ದರು. ಮಗಳು ಅಕ್ಷತಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ ಚನಮಲ್ಲಪ್ಪನವರಿಗೆ ಎದೆಯ ಬೇನೆ ಬಂತು. ಆಸ್ಪತ್ರೆಯಿಂದ ಮನೆಗೂ, ಮನೆಯಿಂದ ಆಸ್ಪತ್ರೆಗೂ ಓಡಾಡುತ್ತಿದ್ದ ದಿನಗಳಲ್ಲೇ ಒಂದು ದಡಿ ಬರೆದರು. ಫ್ಲಾಪಿಯನ್ನು ಹೆಂಡತಿಯ ಕೈಗಿಟ್ಟು, “ಇದು ಹುಡುಗೀದು. ದೊಡ್ಡಾಕಿ ಆಗ್ಲಿ, ಹಸರ ಸೀರಿಗೆ ನೇಯೂಣು” ಎಂದರಂತೆ. ನೇಯುವ ತನಕ ಅವರು ಇರಲಿಲ್ಲ.

ಅಕ್ಷತಾಳನ್ನು ಜಮಖಂಡಿ ತಾಲೂಕಿನ ಹುನ್ನೂರಿಗೆ ಕೊಟ್ಟಿದ್ದಾರೆ. ಹೋದ ಶ್ರಾವಣದಲ್ಲಿ ಅವಳು ಬಸುರಿ ಎಂಬ ಸುದ್ದಿ ಬಂತು. ಮೊದಲ ಬಸಿರು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನಿಂದ ಹಸಿರು ಸೀರೆ ಒಯ್ಯಬೇಕು. ಶಂಕ್ರೆವ್ವ ಫ್ಲಾಪಿ ತೆಗೆದುಕೊಂಡು ಊರೂರು ಅಲೆದರು. ಎಷ್ಟೋ ಕಡೆ ಫ್ಲಾಪಿ ಹಾಕುವ ಕಂಡಿಯೇ ಇರಲಿಲ್ಲ. ಒಂದು ಕಡೆ ಹೇಗೋ ತೆರೆದು ನೋಡಿ, ಫೈಲು ಕೆಟ್ಟಿದೆ, ಅರ್ಧ ಚಿತ್ರ ಹಾಳಾಗಿ ಹೋಗಿದೆ, ಬೇಕಾದರೆ ಹೊಸದು ಬರೆದುಕೊಡುತ್ತೇವೆ ಎಂದರು.

“ಹೊಸಾದು ಅಂಗಡ್ಯಾಗ ಸಾಲಹಿಡದು ಅದಾವಲ್ಲ” ಎಂದು ಶಂಕ್ರೆವ್ವ ಉಜ್ವಲಾ ಅವರ ಮುಂದೆ ಬಂದು ಕೂತರು. “ನನಗ ಅವ್ರು ಬರದದ್ದ ಬೇಕು, ತಂಗಿ. ಆಕಿ ಅಪ್ಪನ್ನ ನೋಡಿದ ನೆನಪಿಲ್ಲ ಆಕಿಗೆ. ಮೊದಲನೇ ಕುಬಸ ಎರಡನೇ ಸಲ ಬರೂದಿಲ್ಲವಾ.”

ಫ್ಲಾಪಿಯ ಮೇಲೆ ಬೂಸು ಹಿಡಿದಿತ್ತು. ಉಜ್ವಲಾ ಅದರ ಕವಚ ಬಿಡಿಸಿ, ಒಳಗಿನ ತೆಳ್ಳನೆಯ ಬಿಲ್ಲೆಯನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ, ಇನ್ನೊಂದು ಕವಚದೊಳಗೆ ಇಟ್ಟರು. ಎಷ್ಟೋ ನಸುಕುಗಳು ಹೋದ ಮೇಲೆ, ಓಣಿಯಲ್ಲಿ ಒಂದೂ ಮಗ್ಗ ಅಲುಗದ ಒಂದು ಅಮಾವಾಸ್ಯೆಯ ರಜೆಯ ದಿನ, ಫೈಲು ಪೂರ್ತಿಯಾಗಿ ಹೊರಬಂತು.

ಆದರೆ ಅದು ಬರೆದ ಚಿತ್ರ ಅರ್ಧವೇ. ಬಳ್ಳಿಯ ಮೇಲೆ ಒಂದು ಗಿಳಿ. ಅದರ ಕೊಕ್ಕಿನ ಮುಂದೆ ಜೋಳದ ತೆನೆ. ತೆನೆಯನ್ನು ಮೇಲಿನಿಂದ ಕೆಳಗಿನ ತನಕ ಕುಡುಗೋಲಿನಿಂದ ಸೀಳಿದಂತೆ ಒಂದೇ ಮಗ್ಗುಲು. ಆಚೆ ಬಿಳಿ ಬಯಲು. ಇಂಥ ದಡಿಗಳಲ್ಲಿ ತೆನೆಯ ಎರಡೂ ಕಡೆ ಗಿಳಿ ಎದುರುಬದುರು ಕೂರಬೇಕು. ಎದುರಿನ ಗಿಳಿ ಇರಲೇ ಇಲ್ಲ.

ಉಜ್ವಲಾ ಆ ಇನ್ನೊಂದು ಗಿಳಿಗಾಗಿ ಹುಡುಕಿದರು. ಫ್ಲಾಪಿಯ ಮೂಲೆಮೂಲೆ ಜಾಲಾಡಿದರು. ಫೈಲನ್ನು ಬರೀ ಅಕ್ಷರ ಮಾಡಿ ತೆರೆದು ಸಾಲುಸಾಲು ಓದಿದರು. “ಒಂದು ತಿಳೀವಲ್ದಾಗಿತ್ರಿ” ಎನ್ನುತ್ತಾರೆ. “ಫೈಲು ಕೆಟ್ರ ಬಾಲ ಹರದಿರ್ತೈತಿ. ಕಡೀ ಮಾತು ಇರೂದಿಲ್ಲ. ಇದರಾಗ ಕಡೀಗೆ ಶೋ ಪೇಜ್ ಅಂತ ಛಲೋತ್ನಂಗ ಇತ್ತು. ತೆಲಿ ಐತಿ, ಬಾಲ ಐತಿ, ನಡುವ ಎಲ್ಲೂ ಮುರದಿಲ್ಲ. ಹಾಂಗಾದ್ರ ಗಿಳಿ ಎಲ್ಲಿ ಹಾರಿ ಹೋತು?”

ಅತ್ತ ದಿನಗಳು ಓಡುತ್ತಿದ್ದವು. ಅಕ್ಷತಾಳಿಗೆ ಏಳನೆಯ ತಿಂಗಳು ಹತ್ತಿತ್ತು. ಹುನ್ನೂರಿನವರು ಕುಬಸದ ದಿನ ಗೊತ್ತುಮಾಡಿ ಫೋನು ಹಚ್ಚಿದ್ದರು. ಇನ್ನು ಅಂಗಡಿಯ ಸೀರೆಯೇ ಗತಿ ಎಂದು ಉಜ್ವಲಾ ಒಂದು ಬೆಳಗ್ಗೆ ಶಂಕ್ರೆವ್ವನನ್ನು ಕರೆಸಿದರು. ಬಾಯಿಬಿಟ್ಟು ಹೇಳುವ ಮೊದಲು, ಸಿಕ್ಕಷ್ಟನ್ನಾದರೂ ಒಮ್ಮೆ ತೋರಿಸೋಣ ಎಂದುಕೊಂಡರು. ಹಳೆಯ ಯಂತ್ರದಲ್ಲಿ ಫೈಲು ತೆರೆದರು. ಅಲ್ಲಿಯತನಕ ಶಂಕ್ರೆವ್ವ ಆ ಚಿತ್ರವನ್ನು ಹಾಗೆ ನೋಡಿರಲಿಲ್ಲ. ಬೇರೆ ಕಡೆ ಅದು ಹೊಸ ಕಂಪ್ಯೂಟರಿನಲ್ಲಿ ತಟ್ಟನೆ ಬಂದು ನಿಂತಿತ್ತು. ಇಲ್ಲಿ ಅದು ಬರೆಯುತ್ತ ಬಂತು.

ಮೊದಲು ಕೆಳಗೆ ಬಳ್ಳಿ. ಬಳ್ಳಿ ಎಡಕ್ಕೆ ಬಾಗಿ ಮೇಲೇರಿತು. ಎಲೆ ಚಿಗುರಿತು, ಎಲೆಯೊಳಗೆ ನರ ಮೂಡಿತು. ತೆನೆಯ ಕಾಳುಗಳು ಒಂದರ ಮೇಲೊಂದು ಕೂತವು. ಶಂಕ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು.

“ಅವ್ರ ಕೈ” ಎಂದರು ಮೆಲ್ಲಗೆ. “ಎಲಿ ಬರದ ಕೂಡ್ಲೆ ನರಾ ಎಳೀತಿದ್ರು. ಆಮ್ಯಾಲಕ್ಕ ಬಿಡೂದಿಲ್ಲಾ ಅಂತಿದ್ರು. ಹಾಂಗ ಬರ್ಯಾಕತ್ತಾರ ನೋಡ.”

ಗಿಳಿಯ ಕೊರಳು ಬಂತು. ರೆಕ್ಕೆ, ಬಾಲ, ಕೊಕ್ಕು. ಎಲ್ಲ ಬಂದು ಸ್ವಲ್ಪ ಹೊತ್ತು ಗಿಳಿ ಕುರುಡಾಗಿ ಕೂತಿತ್ತು. ಆಮೇಲೆ ಒಂದು ಸಣ್ಣ ಸುತ್ತು, ಅದರೊಳಗೆ ಒಂದು ಚುಕ್ಕೆ. ಕಣ್ಣು. ಅಲ್ಲಿಗೆ ಯಂತ್ರ ಸುಮ್ಮನಾಯಿತು.

“ಆತು” ಎಂದರು ಶಂಕ್ರೆವ್ವ.

“ಏನಾತ್ರಿ ಅಕ್ಕಾ? ಇನ್ನರ್ಧ ಇಲ್ಲಲ್ಲ. ಅದನ್ನ ಹೇಳಾಕ ಕರಿಸಿದೆ.”

“ಮುಗೀತಂದೆ, ತಂಗಿ. ಕಣ್ಣು ಇಟ್ರಲ್ಲ. ಕಣ್ಣು ಕಡೀಕ ಇಡೂದು ಅವರ ಪದ್ಧತಿ. ಕಣ್ಣು ಇಟ್ಟಮ್ಯಾಲ ಪೆನ್ಸಿಲ್ ಮುಟ್ಟತಿದ್ದಿಲ್ಲ, ಎದ್ದು ಕೈ ತೊಳಕೋತಿದ್ರು. ಒಂದು ಗೆರಿ ಬಾಕಿ ಇದ್ರೂ ಕಣ್ಣು ಇಡತಿದ್ದಿಲ್ಲ ಅವ್ರು.”

“ಹಾಂಗಾದ್ರ ಎದುರಿನ ಗಿಳಿ?”

ಶಂಕ್ರೆವ್ವ ಉಜ್ವಲಾ ಅವರ ಮುಖ ನೋಡಿದರಂತೆ, ಈಕೆ ಯಾವ ಊರಿನವಳು ಎಂಬ ಹಾಗೆ. “ಅದನ್ನ್ಯಾಕ ಬರೀತಾರ? ಅದನ್ನ ಮಗ್ಗ ನೇಯ್ತೈತಲ್ಲ.”

ಬಾಗಿಲಲ್ಲಿ ನಿಂತಿದ್ದ ವೀರೇಶ ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ. ಉಜ್ವಲಾ ಹಣೆ ಹಣೆ ಬಡಿದುಕೊಂಡರು.

ರಟ್ಟಿನ ಕಾಲದ ಮಗ್ಗದಲ್ಲಿ ಇಂಥ ದಡಿಗೆ ದಾರ ಕಟ್ಟುವಾಗಲೇ ಎಡದ ಒಂದು ಎಳೆಗೆ ಬಲದ ಒಂದು ಎಳೆಯನ್ನು ಜೋಡಿ ಮಾಡುತ್ತಿದ್ದರು. ಎರಡನ್ನೂ ಒಂದೇ ಕೊಕ್ಕೆಗೆ ಕಟ್ಟಿದ್ದರಿಂದ ಎಡದ್ದು ಎದ್ದರೆ ಬಲದ್ದೂ ಏಳಲೇಬೇಕು. ಚಿತ್ರದಲ್ಲಿ ಒಂದು ಗಿಳಿ ಬರೆದರೆ ಸಾಕು, ಅದರ ಎದುರಿಗೆ ಇನ್ನೊಂದನ್ನು ಮಗ್ಗವೇ ತಂದು ಕೂರಿಸುತ್ತಿತ್ತು. ಆಗಿನ ಯಾವ ದಡಿ ಬರೆಯುವವರೂ ಇಂಥ ಚಿತ್ರ ಪೂರ್ತಿ ಬರೆಯುತ್ತಿರಲಿಲ್ಲ. ಈಗಿನ ಹೊಸ ಮಗ್ಗಗಳಿಗೆ ಈ ಜೋಡಿ ಕಟ್ಟು ಇಲ್ಲ, ಒಂದೊಂದು ಎಳೆಯೂ ಬಿಡಿಬಿಡಿ. ಅವಕ್ಕೆ ಚಿತ್ರ ಪೂರ್ತಿ ಬೇಕು. ಹಾಗಾಗಿ ಈಗಿನವರ ಕಣ್ಣಿಗೆ ಅದು ಮುರಿದ ಚಿತ್ರ. ಚನಮಲ್ಲಪ್ಪನವರ ಪಾಲಿಗೆ ಅದು ಮುಗಿದ ಚಿತ್ರ.

“ನೇಕಾರರ ಮನ್ಯಾಗ ಹುಟ್ಟಿ ನಾನ ಮರತಿದ್ದೆ ನೋಡ್ರಿ” ಎನ್ನುವಾಗ ಉಜ್ವಲಾ ಈಗಲೂ ನಾಚುತ್ತಾರೆ. “ಇಲ್ಲದ ಗಿಳಿ ಹಿಡ್ಯಾಕ ಬಲಿ ಹಾಸ್ಕೊಂಡು ಕುಂತಿದ್ದೆ.”

“ಇಷ್ಟು ವರ್ಷ ಕಾಗದದ ಕೂಡ ಸಂಸಾರ ಮಾಡಿದ್ರ ಮತ್ತೇನಾಕ್ಕೈತಿ?” ಎಂದು ವೀರೇಶ ಬಾಗಿಲಾಚೆಯಿಂದ ಹಳೆಯ ನಗೆಯನ್ನು ಹೊಸದಾಗಿ ನಗುತ್ತಾರೆ.

ಮುಂದಿನದು ಉಜ್ವಲಾ ಅವರ ಕೆಲಸ. ಚಿತ್ರವನ್ನು ಮಗುಚಿ ಎದುರಿಗೆ ಇಡಲು ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಸೇರಿಸಿದರು. ಬಳಿಕ ಅದನ್ನು ಹೊಸ ಮಗ್ಗ ಓದುವಂತೆ ಎಳೆಗೊಂದು ಚುಕ್ಕೆ ಮಾಡಿ ಬದಲಾಯಿಸಿದರು. ಬನಹಟ್ಟಿಯಲ್ಲಿ ಪರಿಚಯದವರ ಮಗ್ಗದ ಮೇಲೆ ಗೇಣುದ್ದ ನೇಯಿಸಿ ನೋಡಿದರು. ಗಿಳಿಗಳು ಬಂದವು. ಎರಡೂ ಒಂದನ್ನೊಂದು ನೋಡುತ್ತ ಕೂತವು. ಆದರೆ ನಡುವಿನ ತೆನೆ ಯಾಕೋ ದಪ್ಪ. ತೆನೆಯ ಬೆನ್ನಿನ ಉದ್ದಕ್ಕೂ ಹೊಲಿಗೆ ಹಾಕಿದ ಹಾಗೆ ಒಂದು ಗೆರೆ.

ಕನ್ನಡಿಯಲ್ಲಿ ಮಗುಚಿದಾಗ ನಡುವಿನ ಎಳೆಯೂ ಎರಡಾಗಿತ್ತು. ಜೋಡಿ ಕಟ್ಟುವ ಕಾಲದಲ್ಲಿ ಎಲ್ಲ ಎಳೆಗಳಿಗೂ ಜೊತೆ ಇರುತ್ತಿತ್ತು, ನಟ್ಟನಡುವಿನ ಒಂದಕ್ಕೆ ಮಾತ್ರ ಇರುತ್ತಿರಲಿಲ್ಲ. ಅದು ಎರಡು ಕಡೆಗೂ ಸೇರಿದ್ದು. ಉಜ್ವಲಾ ತುಂಡು ಬಟ್ಟೆಯನ್ನು ಬೆಳಕಿಗೆ ಹಿಡಿದು, ಸೂಜಿಯ ಮೊನೆಯಿಂದ ಎಳೆ ಬಿಡಿಸಿ ನೋಡಿದರು. ಮನೆಗೆ ಬಂದು ಫೈಲಿನಲ್ಲಿ ಬಲಭಾಗವನ್ನು ಒಂದೇ ಒಂದು ಎಳೆಯಷ್ಟು ಒಳಕ್ಕೆ ಸರಿಸಿದರು. ಹೊಲಿಗೆ ಮಾಯವಾಯಿತು. ತೆನೆ ಒಂದೇ ತೆನೆಯಾಯಿತು.

ಸೀರೆ ಮಗ್ಗದಿಂದ ಇಳಿದದ್ದು ಕುಬಸದ ಹಿಂದಿನ ದಿನ. ಹಸಿ ಜೋಳದ ಎಲೆಯ ಬಣ್ಣ, ಅದಕ್ಕೆ ಅರಿಸಿನ ಬಣ್ಣದ ದಡಿ. ಶಂಕ್ರೆವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂತರು. ಬಿಡಲೊಲ್ಲದೆ ಉಜ್ವಲಾ ಅವರನ್ನೂ ಜೊತೆಗೆ ಹತ್ತಿಸಿಕೊಂಡಿದ್ದರು. ಹೊರಗೆ ಕಬ್ಬಿನ ಹೊಲಗಳು ಮಂಜಿನೊಳಗೆ ಹಿಂದಕ್ಕೆ ಸರಿಯುತ್ತಿದ್ದವು. “ಕನಸಿನ್ಯಾಗ ಎಲ್ಲೆರೆ ಹೊಂಟೀನೇನೋ ಅನಸಾಕತ್ತಿತ್ರಿ” ಎಂದು ಉಜ್ವಲಾ ನೆನೆಯುತ್ತಾರೆ. “ಎಷ್ಟೋ ಪತ್ರಿಕೆ ತಿದ್ದೀನಿ. ಆ ಲಗ್ನ, ಆ ಕುಬಸ ಒಂದೂ ನೋಡಿದ್ದಿಲ್ಲ. ನನ್ನ ಪುಟ ಹೋಗಿ ಮುಟ್ಟಿದ ಮನಿ ಅಂತ ನೋಡಿದ್ದು ಅದೊಂದ.”

ಹುನ್ನೂರಿನಲ್ಲಿ ಅಕ್ಷತಾಳನ್ನು ಮಣೆಯ ಮೇಲೆ ಕೂರಿಸಿ, ಹಸಿರು ಬಳೆ ಇಡಿಸಿ, ಹೆಂಗಸರು ಆರತಿ ಎತ್ತಿದರು. ದಡಿ ಅವಳ ಮೊಣಕಾಲ ಮೇಲೆ ಹರಿದು ನೆಲದ ತನಕ ಇಳಿದಿತ್ತು. ಆರತಿಯ ಬೆಳಕು ಅಲುಗಿದಾಗಲೆಲ್ಲ ಗಿಳಿಗಳು ಕೊರಳು ಹೊರಳಿಸಿದಂತೆ ಕಾಣುತ್ತಿತ್ತು. ಗದ್ದಲ ಕಡಿಮೆಯಾದ ಮೇಲೆ ಅವಳು ಉಜ್ವಲಾ ಅವರನ್ನು ಹತ್ತಿರ ಕರೆದಳು. ತಾಯಿ ಎಲ್ಲವನ್ನೂ ಹೇಳಿದ್ದರು. ಬೆರಳನ್ನು ಒಂದು ಗಿಳಿಯ ಮೇಲಿಟ್ಟಳು, ಆಮೇಲೆ ಎದುರಿನದರ ಮೇಲೆ.

“ಮೌಶಿ, ಇದರಾಗ ನಮ್ಮಪ್ಪ ಬರದದ್ದು ಯಾವುದು?”

ಉಜ್ವಲಾ ಅವರಿಗೆ ಅದು ಗೊತ್ತಿದೆ. ಫೈಲು ಈಗಲೂ ಅವರ ಹಳೇ ಕಂಪ್ಯೂಟರಿನಲ್ಲಿದೆ. ಬರೆದದ್ದು ಯಾವ ಕಡೆ, ಮಗುಚಿ ಇಟ್ಟದ್ದು ಯಾವ ಕಡೆ ಎಂದು ಕಣ್ಣು ಮುಚ್ಚಿ ಹೇಳಬಲ್ಲರು.

ಅವರು ಏನು ಹೇಳಿದರು ಎಂದು ಕೇಳುವುದರೊಳಗೆ ಆಚೆ ಶೆಡ್ಡಿನಲ್ಲಿ ಹಗಲು ಪಾಳಿಯ ಮೊದಲ ಮಗ್ಗ ಶುರುವಾಗಿ ಮೇಜು ಸಣ್ಣಗೆ ನಡುಗತೊಡಗುತ್ತದೆ. ಒಂದು ಕೈಯನ್ನು ಯಂತ್ರದ ಮೇಲೆ ಇಟ್ಟು ಹೇಳುತ್ತಾರೆ:

“ಎರಡೂ ಅಂದೆ. ಬಟ್ಟಿ ಆದಮ್ಯಾಲ ಅದು ಗೊತ್ತಾಗಬಾರ್ದ್ರಿ. ಗೊತ್ತಾದ್ರ ನನ್ನ ಕೆಲಸ ಕೆಟ್ಟಂಗ.”